ಬಟ್ಟೆಯ ಕರಡಿಗೆ

"ಬಳೆ ತಗೀರಿ, ಓಲೆ ತಗೀರಿ. ಇದನ್ನ ಮಾತ್ರ ಮುಟ್ಬ್ಯಾಡಿ," ಎಂದು ಒಡವೆ ಬಿಚ್ಚಲು ಬಂದ ನರ್ಸಿಗೆ ಹೇಳಿ ಗಂಗಾಂಬಿಕೆ ಅಜ್ಜಿ ಕೊರಳಿನ ಬೆಳ್ಳಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

ಅದರೊಳಗೆ ಅಜ್ಜಿಯ ಇಷ್ಟಲಿಂಗ ಇತ್ತು. ಬೆಳಗಿನ ಪೂಜೆಗೆ ಅದು ಅಂಗೈಗೆ ಬರುತ್ತಿತ್ತು, ಆಮೇಲೆ ಮತ್ತೆ ಕೊರಳಿಗೆ. ಬೇರೆಲ್ಲೂ ಇಟ್ಟದ್ದನ್ನು ಮೊಮ್ಮಗಳು ನಿಧಿ ನೋಡಿರಲಿಲ್ಲ.

ನಿನ್ನೆ ನುಗ್ಗೇಹಳ್ಳಿಯ ಮನೆ ಹಿತ್ತಲಲ್ಲಿ ಪತ್ರೆ ಕೀಳಲು ಹೋಗಿ ಅಜ್ಜಿ ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದಿದ್ದರು. ಅಪ್ಪ ಅಮರನಾಥ ಕಾರು ಮಾಡಿಕೊಂಡು ಹಾಸನದ ಆಸ್ಪತ್ರೆಗೆ ಕರೆತಂದಿದ್ದರು.

ಡಾಕ್ಟರ್ ರೂಪಶ್ರೀ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ನೋಡಿ ಅಜ್ಜಿ, ತೊಡೆ ಮೂಳೆ ತುದೀಲಿ ಈ ಗುಂಡು ಇದೆಯಲ್ಲ, ಅದರ ಕತ್ತು ಮುರಿದಿದೆ. ಇನ್ನೂ ಕೆಳಗೆ ಮುರಿದಿದ್ರೆ ರಾಡ್ ಹಾಕಿ ಕೂಡಿಸ್ತಿದ್ವಿ. ಚಿಕ್ಕ ವಯಸ್ಸಾಗಿದ್ರೆ ಸ್ಕ್ರೂ ಹಾಕಿ ನೋಡ್ತಿದ್ವಿ. ನಿಮಗೆ ಮೂಳೆ ಕೂಡೋದು ಕಷ್ಟ. ಅದಕ್ಕೇ ಈ ಗುಂಡು ತೆಗೆದು ಹೊಸದು ಕೂರಿಸ್ತೀವಿ. ನಾಳೆನೇ ವಾಕರ್ ಹಿಡಿದು ನಿಲ್ಲಬಹುದು."

"ಮಾಡಿ ತಾಯಿ. ಬ್ಯಾಡ ಅಂದೋರ್ಯಾರು? ಇದು ಕೊರಳಲ್ಲೇ ಇರ್ಲಿ."

"ಬೆಳ್ಳಿ ಇರಬಾರದು ಅಜ್ಜಿ. ಒಳಗೆ ಕರೆಂಟಿನ ಮೆಷಿನ್ ಇಟ್ಕೊಂಡು ಕೆಲಸ ಮಾಡ್ತೀವಿ. ಮೈ ಸುಟ್ಟೀತು."

"ಅವ್ವಾ, ಎರಡು ಗಂಟೆ ನನ್ ಕೈಲಿ ಕೊಟ್ಟಿರವ್ವ," ಎಂದರು ಅಪ್ಪ.

"ನಿನ್ ಕೈ ನನ್ ಮೈಯೇನಪ್ಪ? ಅಂಗಾರೆ ಆಪರೇಷನ್ನೇ ಬ್ಯಾಡ. ನಾಟಿ ವೈದ್ಯರ ತಾವ ಪಟ್ಟು ಆಕಿಸ್ಕಂಡು ಮನೇಲಿ ಮಲಿಕತೀನಿ."

ಡಾಕ್ಟರ್ ಅಪ್ಪನನ್ನು ಬಾಗಿಲ ಹತ್ತಿರ ಕರೆದರು. "ಹಾಗೇ ಮಲಗಿಸಿದ್ರೆ ಬೆನ್ನಲ್ಲಿ ಹುಣ್ಣಾಗುತ್ತೆ, ಎದೇಲಿ ಕಫ ಕಟ್ಟುತ್ತೆ. ಆಮೇಲೆ ಎದ್ದು ಓಡಾಡೋದು ಕಷ್ಟ. ತಡ ಮಾಡಬೇಡಿ."

ಮೆಲ್ಲಗೆ ಹೇಳಿದರೂ ನಿಧಿಗೆ ಕೇಳಿಸಿತು. ಶಾಲೆಯಿಂದ ನೇರವಾಗಿ ಬಂದಿದ್ದ ಅವಳು ಯೂನಿಫಾರ್ಮಿನ ಎಡತೋಳನ್ನು ಕೆಳಗೆ ಎಳೆದುಕೊಂಡಳು. ಈಚೆಗೆ ಅದು ಅವಳಿಗೆ ಅಭ್ಯಾಸವಾಗಿತ್ತು.

ಅವಳಿಗೂ ಒಂದು ಲಿಂಗ ಇತ್ತು. ದಿನಾ ಬೆಳಿಗ್ಗೆ ಅಜ್ಜಿ, "ಲಿಂಗ ಐತೇನೆ ಮಗ?" ಎಂದು ಕೇಳುತ್ತಿದ್ದರು. "ಐತೆ ಅಜ್ಜಿ," ಎಂದು ಓಡಿಬಿಡುತ್ತಿದ್ದಳು. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಈಗ ಹೇಳಿದರೆ ಅಜ್ಜಿ ಮಾತು ಬಿಡಬಹುದು. ಹೇಳದಿದ್ದರೆ?

ನಿಧಿ ಮಂಚದ ಹತ್ತಿರ ಹೋದಳು. "ಅಜ್ಜಿ, ಅವರು ಬೆಳ್ಳಿ ಬ್ಯಾಡ ಅಂದ್ರು. ಲಿಂಗ ಬ್ಯಾಡ ಅನ್ನಲಿಲ್ಲ."

ಅವಳು ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿದಳು. ರಟ್ಟೆಗೆ ಬಿಳಿ ಬಟ್ಟೆಯ ಪುಟ್ಟ ಗಂಟು ಕಟ್ಟಿತ್ತು.

"ಖೋ ಖೋ ಆಡುವಾಗ ಕರಡಿಗೆ ಎದೆಗೆ ಹೊಡೀತಿತ್ತು. ಅದಕ್ಕೇ..."

"ಕರಡಿಗೆ ಎಲ್ಲೈತೆ?"

"ಇಲ್ಲೇ ಬ್ಯಾಗಲ್ಲಿ, ಜಾಮಿಟ್ರಿ ಬಾಕ್ಸಲ್ಲಿ."

"ಏಸು ದಿನಾತು?"

"ದಸರಾ ರಜೆ ಮುಗಿದಾಗಿಂದ."

ಅಜ್ಜಿ ಆ ಗಂಟನ್ನೇ ನೋಡಿದರು.

"ಒಳಗಿರೋದು ಏನು? ಲೋಹ ಇದೆಯಾ?" ಎಂದು ಕೇಳಿದರು ಡಾಕ್ಟರ್.

"ಇಲ್ಲ ಮೇಡಂ. ಕಲ್ಲು," ಎಂದಳು ನಿಧಿ.

"ಹಾಗಾದ್ರೆ ಆಗುತ್ತೆ. ನಮ್ಮ ಶುದ್ಧ ಮಾಡಿದ ಬಟ್ಟೇಲೇ ಸುತ್ತೋಣ. ಮುರಿದಿರೋದು ಬಲಗಡೆ, ಎಡಗೈಗೆ ಕಟ್ಟೋಣ. ಆಯ್ತಾ ಅಜ್ಜಿ?"

ಅಜ್ಜಿ ಮುಷ್ಟಿಯನ್ನು ಮೆಲ್ಲಗೆ ಸಡಿಲಿಸಿದರು. ಆಮೇಲೆ ತಾವೇ ಕರಡಿಗೆ ಬಿಚ್ಚಿ, ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಖಾಲಿ ಬೆಳ್ಳಿಯನ್ನು ನಿಧಿಯ ಕೈಗೆ ಹಾಕಿದರು. ಮುಖ ಮಾತ್ರ ನೋಡಲಿಲ್ಲ.

ಆಪರೇಷನ್ ಮುಗಿಯುವವರೆಗೆ ನಿಧಿ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಕರಡಿಗೆಯ ಒಂದು ಪಕ್ಕ ಸವೆದು ನುಣುಪಾಗಿತ್ತು. ತನ್ನ ಹೆಬ್ಬೆರಳನ್ನು ಅಲ್ಲಿಟ್ಟಳು. ಅಜ್ಜಿಯ ಬೆರಳಿನ ಜಾಗ ದೊಡ್ಡದಿತ್ತು.

ಮಾರನೆಯ ದಿನ ಅಜ್ಜಿ ವಾಕರ್ ಹಿಡಿದು ಎದ್ದು ನಿಂತರು. ಹಣೆಯಲ್ಲಿ ಬೆವರು. ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು. ಎಡಗೈಯ ಬಟ್ಟೆ ಹಾಗೇ ಇತ್ತು.

ಮತ್ತೆ ಮಂಚದಲ್ಲಿ ಕೂತಾಗ ನಿಧಿ ಕರಡಿಗೆಯನ್ನು ಮುಂದೆ ಹಿಡಿದಳು.

ಅಜ್ಜಿ ತೆಗೆದುಕೊಳ್ಳಲಿಲ್ಲ. "ನಿನ್ ಜಾಮಿಟ್ರಿ ಬಾಕ್ಸಲ್ಲಿ ಇನ್ನೊಂದಕ್ಕೆ ಜಾಗ ಐತಾ ಮಗ?"

"ಐತೆ ಅಜ್ಜಿ."

"ಊರಿಗೋಗೋಗಂಟ ಅಲ್ಲೇ ಇರ್ಲಿ."

ನಿಧಿಯ ಕೈ ಅಭ್ಯಾಸದಂತೆ ಎಡತೋಳಿಗೆ ಹೋಯಿತು. ಎಳೆಯದೆ ಹಾಗೇ ಬಿಟ್ಟಳು.