ದಿನಕ್ಕೆ ಏಳು ಸ್ನಾನ

ಮಣಿಯನ್ನು ಮೇಜಿನ ಗುಳಿಯಲ್ಲಿಟ್ಟ ಕೂಡಲೇ ಎದುರಿನ ಗೋಡೆಯ ಮೇಲೆ ಇಂಚರಳ ಮೂವತ್ತು ದಿನಗಳು ನೀಲಿ ಗೆರೆಯಾಗಿ ಹರಿದವು. ಕಡಲೆಕಾಳಿಗಿಂತ ದೊಡ್ಡದಲ್ಲದ ಆ ಮಣಿ ಅಷ್ಟು ದಿನ ಮಗುವಿನ ಕೊರಳಲ್ಲಿದ್ದು ಎದೆಬಡಿತ, ಚರ್ಮದ ಬೆವರು, ದನಿಯ ಏರಿಳಿತಗಳನ್ನು ದಾಖಲಿಸಿತ್ತು. ಯಾರು ಕರೆದರೆ ತಿರುಗಿದಳು, ಯಾರು ಕರೆದರೆ ತಿರುಗಲಿಲ್ಲ ಎಂಬುದೂ ಅದರಲ್ಲಿತ್ತು. ಈಗ ಯಂತ್ರ ಆ ದಾಖಲೆಯನ್ನು ಭಂಡಾರದಲ್ಲಿದ್ದ ಹನ್ನೆರಡು ಲಕ್ಷ ಮಕ್ಕಳ ದಾಖಲೆಗಳೊಂದಿಗೆ ಹೋಲಿಸಿ ನೋಡುತ್ತಿತ್ತು.

ನಾಲ್ಕು ನಿಮಿಷ ಹಿಡಿಯಿತು. ಸನ್ನಿಧಿ ಮಗಳ ಕೈಯನ್ನು ಬಿಗಿಹಿಡಿದು ಕೂತಿದ್ದಳು. ಆಮೇಲೆ ಗೋಡೆಯ ಮೇಲೆ ಅಕ್ಷರಗಳು ಮೂಡಿದವು: ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ.

ಬೇರೆ ತಾಯಿಯಾಗಿದ್ದರೆ ಮನೆಗೆ ಹೋಗಿ ಹೋಳಿಗೆ ಮಾಡುತ್ತಿದ್ದಳೇನೋ. ಸನ್ನಿಧಿಗೆ ಕಾಲ ಕೆಳಗಿನ ನೆಲವೇ ಕುಸಿಯಿತು.

ಇಂಚರ ಹುಬ್ಬಳ್ಳಿಯ ಬಸ್ ನಿಲ್ದಾಣಗಳ ಹೆಸರನ್ನು ಒಂದೂ ಬಿಡದೆ ಸಾಲಾಗಿ ಹೇಳುತ್ತಿದ್ದಳು, ‘ಅವ್ವಾ’ ಎಂದು ಮಾತ್ರ ಒಮ್ಮೆಯೂ ಕರೆದಿರಲಿಲ್ಲ. ಕುಕ್ಕರ್ ಕೂಗಿದರೆ ಚೀರುತ್ತಿದ್ದಳು, ರಕ್ತ ಬರುವ ಹಾಗೆ ತನ್ನ ಮುಂಗೈಯನ್ನೇ ಕಚ್ಚಿಕೊಳ್ಳುತ್ತಿದ್ದಳು. ಎರಡು ಶಾಲೆಗಳವರು ಆಗಲೇ ಕೈ ಮುಗಿದು ಕಳಿಸಿದ್ದರು. ಇಂಥ ಮಕ್ಕಳಿಗೆ ತಲೆಗೊಬ್ಬ ಶಿಕ್ಷಕಿಯನ್ನು ಕೊಡುವ ಶಾಲೆಯೊಂದು ಊರಾಚೆ ಇತ್ತು. ಅಲ್ಲಿ ಸೇರಬೇಕಾದರೆ ಮಣಿ ಕೊಟ್ಟ ರೋಗದ ಹೆಸರು ಬೇಕು, ಮತ್ತು ಮಗುವಿಗೆ ಏಳು ವರ್ಷ ತುಂಬಿರಬಾರದು. ಏಳಾದ ಮೇಲೆ ಮಿದುಳಿನ ಹೆಣಿಗೆ ಬಿಗಿಯಾಗಿಬಿಡುತ್ತದೆ, ಕಲಿಸಿ ಫಲವಿಲ್ಲ ಎಂಬುದು ನಿಯಮ ಮಾಡಿದವರ ನಂಬಿಕೆ. ಇಂಚರಳಿಗೆ ಏಳು ತುಂಬಲು ಹತ್ತೊಂಬತ್ತು ದಿನ ಉಳಿದಿತ್ತು.

“ಇದ ಹೆಂಗ್ರೀ ಸರ?” ಎಂದಳು ಸನ್ನಿಧಿ. “ಮಣಿ ಕೆಟ್ಟಿರಬೇಕು.”

ಮೇಜಿನಾಚೆ ಕೂತಿದ್ದ ಡಾಕ್ಟರ್ ತೇಜಸ್ ಕೊಣ್ಣೂರ ಗೋಡೆಯತ್ತ ತಿರುಗಿದರು. ಮಣಿಯನ್ನು ಕಂಡುಹಿಡಿದವರೇ ಅವರು. ಮಗುವಿಗೆ ಏನಾಗಿದೆ ಎಂದು ತಿಳಿಯಲು ತಂದೆತಾಯಿ ಮೂರು ಮೂರು ವರ್ಷ ಡಾಕ್ಟರರಿಂದ ಡಾಕ್ಟರರ ಬಳಿಗೆ ಅಲೆಯುತ್ತಿದ್ದ ಕಾಲವಿತ್ತು. ಎಂಟು ವರ್ಷದ ಹಿಂದೆ, ಎರಡು ಸಾವಿರದ ಐವತ್ಮೂರರಲ್ಲಿ, ಆ ಅಲೆದಾಟವನ್ನು ಅವರು ಮೂವತ್ತು ದಿನಕ್ಕೆ ಇಳಿಸಿದ್ದರು. ಈಗ ಅವರು ಗೋಡೆಯ ಗೆರೆಯನ್ನು ಹಿಗ್ಗಿಸಿ ನೋಡುತ್ತಿದ್ದರು. ನೀಲಿಯ ನಡುನಡುವೆ ಬಿಳಿ ಖಾಲಿ ಜಾಗಗಳು ಕಾಣಿಸಿದವು.

“ಸ್ನಾನಕ್ಕಷ್ಟ ಮಣಿ ತಗೀರಿ ಅಂತ ಹೇಳಿದ್ವಿ. ತಗದಾಗೆಲ್ಲಾ ಯಂತ್ರ ಅದನ್ನ ಸ್ನಾನ ಅಂತನ ಬರಕೋತದ,” ಎಂದರು. “ಮೂವತ್ತು ದಿನದಾಗ ಇನ್ನೂರಾ ಹದಿನಾಲ್ಕು ಸ್ನಾನ ಆಗ್ಯಾವ. ನಿಮ್ಮ ಮಗಳು ದಿನಕ್ಕ ಏಳು ಸಲ ಸ್ನಾನಾ ಮಾಡ್ತಾಳೇನ್ರೀ?”

ಸನ್ನಿಧಿ ತಲೆ ತಗ್ಗಿಸಿದಳು.

ಮೊದಲು ತೆಗೆಸಿದವರು ಅತ್ತೆ. ಮಗು ಚೀರತೊಡಗಿದರೆ ಸಾಕು, ಅವರು ಒಳಗಿನಿಂದ ಓಡಿ ಬರುತ್ತಿದ್ದರು. “ತಗೀ ಅದನ್ನ! ನಮ್ಮ ಮನೀ ಗದ್ದಲ ಯಾವ ಆಫೀಸಿನ್ಯಾಗ ಯಾರ್ಯಾರು ಕೇಳ್ತಾರೋ. ನಾಳೆ ನಿನ್ನ ನಾದಿನೀಗೆ ಗಂಡು ಬರಬೇಕೋ ಬ್ಯಾಡೋ?” ಮನೆಗೆ ಬೀಗರು ಬರುವಾಗ ಹರಿದ ಚಾದರವನ್ನು ಮಂಚದ ಕೆಳಗೆ ತುರುಕುವುದಿಲ್ಲವೇ, ಹಾಗೆ. ಚಾದರದ ಕತೆ ಬೀಗರು ಹೋದ ಕೂಡಲೇ ಮುಗಿಯುತ್ತದೆ. ಇದು ಮುಗಿಯುವಂಥದ್ದಾಗಿರಲಿಲ್ಲ.

“ಅತ್ತೀದಷ್ಟ ತಪ್ಪಲ್ರೀ,” ಎಂದಳು ಸನ್ನಿಧಿ. “ಅಕಿ ಚೀರಿದಾಗ ನಾನೂ ಚೀರೀನಿ. ಬಡದೀನಿ. ಅದು ಮಣಿಗೆ ಕೇಳಬಾರದು ಅಂತ ಮೊದಲ ಮಣಿ ತಗದು, ಆಮ್ಯಾಲೆ ಬಡೀತಿದ್ದೆ.”

ಹೇಳಿ ಮುಗಿಸಿದಾಗ ನಾಚಿಕೆಯಿಂದ ಅವಳ ಮೈ ಹಿಡಿಯಷ್ಟಾಗಿತ್ತು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗನ್ನಿಸಿತು.

“ಇನ್ನೊಂದು ಸಲ ಹಾಕ್ರೀ ಸರ. ದೇವರಾಣೆ ತಗಿಯೂದಿಲ್ಲ.”

“ಮೂವತ್ತು ದಿನ ಬೇಕಲ್ರೀ. ನಿಮ್ಮ ಹತ್ರ ಹತ್ತೊಂಬತ್ತ ಅದಾವ.”

“ಹಂಗಾದ್ರ ನೀವ ಬರದು ಕೊಡ್ರಿ. ನಿಮ್ಮ ಕಣ್ಣಿಗೆ ಕಾಣವಲ್ದೇನು?”

ಇಂಚರ ಮೇಜಿನ ಕೆಳಗೆ ಹೋಗಿ, ಅದರ ಕಾಲಿಗೆ ಹಣೆ ಒತ್ತಿ, ಬಸ್ ನಿಲ್ದಾಣಗಳ ಹೆಸರನ್ನು ಮೊದಲಿಂದ ಶುರುಮಾಡಿದ್ದಳು. ಡಾಕ್ಟರಿಗೆ ಕಾಣುತ್ತಿತ್ತು. ಅವಳು ಬಾಗಿಲಲ್ಲಿ ಕಾಲಿಟ್ಟಾಗಲೇ ಕಂಡಿತ್ತು. ಆದರೆ ಮಣಿ ಬಂದ ಮೇಲೆ ಡಾಕ್ಟರರ ಮಾತಿಗೆ ಕಾನೂನಿನಲ್ಲಿ ಬೆಲೆಯಿರಲಿಲ್ಲ. ಮನುಷ್ಯರ ಕಣ್ಣು ಮೋಸ ಹೋಗುತ್ತದೆ, ಮಣಿ ಹೋಗುವುದಿಲ್ಲ ಎಂದು ಸರ್ಕಾರದ ಮುಂದೆ ಸಾಕ್ಷಿ ನುಡಿದು ಬಂದವರು ಅವರೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಬೇಕೆಂದು ಅವರೇ ನಿಯಮ ಮಾಡಿಸಿದ್ದರು.

ಏನೋ ಹೊಳೆದವರಂತೆ ಡಾಕ್ಟರು ಯಂತ್ರಕ್ಕೆ ಇನ್ನೊಂದು ಪ್ರಶ್ನೆ ಕೇಳಿದರು. ಭಂಡಾರದ ಹನ್ನೆರಡು ಲಕ್ಷ ಮಕ್ಕಳು ದಿನಕ್ಕೆ ಎಷ್ಟು ಸಲ ಸ್ನಾನ ಮಾಡಿದ್ದಾರೆ? ಸರಾಸರಿ ಐದು ಸಲ ಎಂದಿತು ಗೋಡೆ.

“ಈ ಐದು ಹಿಂದನೂ ಕಂಡಿತ್ತು ನನಗ,” ಎಂದರು ಡಾಕ್ಟರು. “ನಮ್ಮ ಮಂದಿ ಭಾಳ ಮಡಿವಂತರು ಅಂತ ನಕ್ಕು ಬಿಟ್ಟಿದ್ದೆ.”

“ಅಂದ್ರ?”

“ಅಂದ್ರ ಎಲ್ಲಾರೂ ತಗದಾರ. ಸಹಜ ಅಂದ್ರೇನು ಅಂತ ಮಣಿ ಕಲತದ್ದು ಹಿಂಗ ಮುಚ್ಚಿಟ್ಟ ಮಕ್ಕಳನ್ನ ನೋಡಿ. ಅದರ ಲೆಕ್ಕದಾಗ ಚಲೋ ಮಕ್ಕಳು ಹಠಾ ಮಾಡೂದಿಲ್ಲ, ತಾಯಂದ್ರು ಸಿಟ್ಟಾಗೂದಿಲ್ಲ.”

“ಮತ್ತ ಎಂಟು ವರ್ಷ ರೋಗದ ಹೆಸರು ಯಾರಿಗೆ ಕೊಟ್ರಿ?”

“ಮಣಿ ತಗೀಲಾರದವರ ಮಕ್ಕಳಿಗೆ.”

ಮುಚ್ಚಿಡದವರ ಮಕ್ಕಳು, ಅವರಲ್ಲಿ ಎಷ್ಟೋ ಮಂದಿ ಬರಿಯ ತುಂಟರು, ರೋಗಿಗಳಾಗಿ ಆ ಶಾಲೆಯ ಬೆಂಚುಗಳಲ್ಲಿ ಕೂತಿದ್ದರು. ಮುಚ್ಚಿಟ್ಟವರ ಮಕ್ಕಳು ಇಂಚರಳ ಹಾಗೆ ಬಾಗಿಲಿನಿಂದ ಹೊರಗೆ ಉಳಿದಿದ್ದರು. ಎಷ್ಟು ಮಂದಿಯೋ, ಹೇಳುವವರೇ ಇರಲಿಲ್ಲ.

“ಸರಿ ಮಾಡ್ತೀರಲ್ರೀ?”

“ಮತ್ತ ಅಷ್ಟೂ ಮಕ್ಕಳಿಗೆ ಹೊಸದಾಗಿ ಮಣಿ ಹಾಕಬೇಕು. ಹಾಕಿದ್ರೂ ಮಂದಿ ಮತ್ತ ತಗೀತಾರ,” ಎಂದರು ಡಾಕ್ಟರು.  ಸನ್ನಿಧಿ ಮಗಳನ್ನು ಮೇಜಿನ ಕೆಳಗಿನಿಂದ ಎತ್ತಿಕೊಂಡು ಎದ್ದಳು.

ಹೊರಗಿನ ಸಾಲು ಬೆಂಚುಗಳ ನಡುವೆ ಬರುವಾಗ ಇಂಚರ ಚೀರಿದಳು. ಮುಂಗೈ ಬಾಯಿಗೆ ಹೋಯಿತು. ಸನ್ನಿಧಿ ಅದನ್ನು ಬಿಡಿಸುತ್ತ ಅಲ್ಲೇ ನೆಲಕ್ಕೆ ಕೂತಳು. ಬೆಂಚಿನ ಮೇಲಿದ್ದ ಹೆಂಗಸೊಬ್ಬಳು ಮಗನನ್ನು ಎದೆಗವಚಿಕೊಂಡು ಕೂತಿದ್ದಳು. ಆ ಹುಡುಗ ತನ್ನ ತಲೆಯನ್ನು ಒಂದೇ ಸಮನೆ ತಾಯಿಯ ಭುಜಕ್ಕೆ ಬಡಿಯುತ್ತಿದ್ದ.

“ಏನಾಗೇತ್ರೀ ಅಕ್ಕಾ, ಕೂಸಿಗೆ?” ಎಂದಳು ಆಕೆ ಕನಿಕರದಿಂದ.

ಈಗಷ್ಟೇ ಒಳಗೆ ಎಲ್ಲವನ್ನೂ ಹೇಳಿ ಬಂದಿದ್ದಳು ಸನ್ನಿಧಿ. ಇನ್ನು ಮುಚ್ಚಿಟ್ಟು ಉಳಿಸಿಕೊಳ್ಳುವುದೇನೂ ಇರಲಿಲ್ಲ. ಹೇಳಬೇಕೆಂದೇ ಬಾಯಿ ತೆರೆದಳು.

“ಏನಿಲ್ರೀ,” ಎಂದಳು. “ಒಂಚೂರು ಹಠಾ, ಅಷ್ಟ.”

ಹೆಂಗಸು ಸೆರಗಿನಿಂದ ಮಗನ ತಲೆ ಮುಚ್ಚಿದಳು. “ನಮ್ಮವಂದೂ ಅಷ್ಟರೀ,” ಎಂದಳು.