ಮುಟ್ಟುವ ಮೇಜಿನ ಆಡು

"ಇದು ನಮ್ಮ ಆಡಲ್ಲ," ಎಂದರು ಟೀಚರಮ್ಮ.

ಬುಧವಾರ ಬೆಳಿಗ್ಗೆ ಹತ್ತೂಕಾಲು. ನಮ್ಮ ಕಲಾ ಸಂಗ್ರಹಾಲಯದಲ್ಲಿ 'ದಯವಿಟ್ಟು ಮುಟ್ಟಿ' ಎಂದು ಬರೆದಿರುವ ಮೇಜು ಒಂದೇ ಒಂದು. ಮಿಕ್ಕೆಲ್ಲ ಕಡೆ ಮುಟ್ಟಿದರೆ ಗಂಟೆ ಬಡಿದುಕೊಳ್ಳುತ್ತದೆ. ಕಣ್ಣು ಕಾಣದವರಿಗೆಂದೇ ಇಟ್ಟ ಆ ಮೇಜಿನ ಮೇಲೆ ಮುನ್ನೂರು ವರ್ಷ ಹಳೆಯ ಕಂಚಿನ ಆಡು ನಾಲ್ಕು ಕಾಲೂರಿ ನಿಂತಿದೆ, ಮೇಜಿಗೆ ಬಿಗಿದು ಬೀಗ ಹಾಕಿದೆ. ಮೊಲದಷ್ಟು ಗಾತ್ರ. ಬರುವವರಿಗೆ ಗಾಲಿಕುರ್ಚಿ ಕೊಡುವುದು, ಸನ್ನೆ ಭಾಷೆಯವರನ್ನು ಕರೆಸುವುದು, ಕಾಣದವರ ಕೈ ಹಿಡಿದು ಶಿಲ್ಪ ತೋರಿಸುವುದು — ಇದು ನನ್ನ ಕೆಲಸ. ಕಲಿಸಿದವರು ಟೀಚರಮ್ಮ. ಹುಟ್ಟಿನಿಂದ ಕಣ್ಣಿಲ್ಲ, ಬ್ರೈಲ್ ಹೇಳಿಕೊಟ್ಟು ನಿವೃತ್ತರಾದವರು. ಆರು ವರ್ಷದಿಂದ ನಮ್ಮ ಸಲಹೆಗಾರರು.

ಏನಾಗಿದೆ ಎಂದು ಕೇಳಿದೆ. ಒರಟು ಎಂದರು. ನಾನು ಕಣ್ಣರಳಿಸಿ ನೋಡಿದೆ. ಅದೇ ಕೊಂಬು, ಅದೇ ಗಡ್ಡ, ಕೈಗಳು ಸವೆಸಿ ಸವೆಸಿ ಹೊಳೆಯುವ ಅದೇ ಬೆನ್ನು. ಕೈಗವಸು ಹಾಕಿಕೊಂಡೇ ಸವರಿದೆ. ಸಿಬ್ಬಂದಿ ಬರಿಗೈಯಲ್ಲಿ ಮುಟ್ಟಕೂಡದು, ಅದು ನಮ್ಮ ನಿಯಮ. ನನಗೇನೂ ವ್ಯತ್ಯಾಸ ಕಾಣಲಿಲ್ಲ.

ನಿರ್ದೇಶಕರು ಬಂದರು. ಟೀಚರಮ್ಮನ ಕೈ ಹಿಡಿದು ಆಡಿನ ಬೆನ್ನ ಮೇಲೆ ಓಡಿಸಿದರು. ಬೆಣ್ಣೆಯಂಥ ನುಣುಪು. ಎಲ್ಲಿದೆ ಒರಟು, ತೋರಿಸಿ ಎಂದರು. ಟೀಚರಮ್ಮ ಮತ್ತೆ ಹುಡುಕಲು ಕೈ ಚಾಚಿದರು, ನಿರ್ದೇಶಕರು ಆ ಕೈಯನ್ನು ಪಕ್ಕಕ್ಕೆ ಸರಿಸಿದರು. ಆಗ ಆ ಮನುಷ್ಯ ಮೆತ್ತಗೆ, ತುಂಬ ಮೆತ್ತಗೆ ಹೇಳಿದ ಮಾತು ಇದು:

"ಸಕ್ಕರೆ ಕಾಯಿಲೆ ಇದೆ ಅಂದಿದ್ರಲ್ಲ? ಬೆರಳು ಮರಗಟ್ಟಿರಬಹುದು. ಶನಿವಾರದೊಳಗೆ ಸಲಹೆಗಾರರ ಜಾಗ ಬಿಟ್ಟುಕೊಡಿ, ವಿಶ್ರಾಂತಿ ತಗೊಳ್ಳಿ."

ಟೀಚರಮ್ಮ ಒಂದೊಂದೇ ಬೆರಳನ್ನು ಒತ್ತಿ ನೋಡಿಕೊಂಡರು. ಬೆರಳು ಜೋಪಾನ ಎಂದು ಡಾಕ್ಟರೂ ಎರಡು ತಿಂಗಳ ಹಿಂದೆ ಹೇಳಿದ್ದರಂತೆ. ಟೀಚರಮ್ಮ ಓದುವುದು, ಊಟದ ತಟ್ಟೆ ಹುಡುಕುವುದು, ಮೊಮ್ಮಗಳ ಮುಖ ನೋಡುವುದು, ಎಲ್ಲವೂ ಆ ಹತ್ತು ಬೆರಳಿನಲ್ಲೇ. ಮಾರನೆಯ ದಿನ ಫೋನ್ ಮಾಡಿದೆ. ಪುಸ್ತಕ ತೆರೆದೇ ಇಲ್ಲ ಎಂದರು. ತೆರೆದು, ಚುಕ್ಕಿ ಸಿಗದಿದ್ದರೆ? ಆ ಹೆದರಿಕೆ.

ದೊಡ್ಡಮ್ಮನಿಗೆ ನಡೆದದ್ದೆಲ್ಲ ಹೇಳಿ, ಬಂದು ನೋಡು ಎಂದು ಕರೆದೆ. ನನ್ನ ಅಮ್ಮನ ಅಕ್ಕ. ಮೂವತ್ತು ವರ್ಷ ಪೊಲೀಸ್ ಇನ್‌ಸ್ಪೆಕ್ಟರ್ ಆಗಿದ್ದವಳು. ಈಗ ಮಂಡಿ ಆಪರೇಷನ್ ಆಗಿ ಮನೆಯಲ್ಲಿ ಕೂತು ಎಲ್ಲರ ಜೀವ ತಿನ್ನುತ್ತಾಳೆ. ಶುಕ್ರವಾರ ಬೆಳಿಗ್ಗೆ ಬಂದವಳಿಗೆ ನಮ್ಮದೇ ಗಾಲಿಕುರ್ಚಿ ಕೊಟ್ಟೆ. ಬಲಗಾಲಿ ಕಿರುಗುಟ್ಟುತ್ತದೆ, ಇಳಿಜಾರು ಕಡಿದು, ಲಿಫ್ಟಿನ ಗುಂಡಿ ಎತ್ತರ — ಮೇಜು ಸೇರುವಷ್ಟರಲ್ಲಿ ನನ್ನ ಇಲಾಖೆಯ ಮಾನ ಹರಾಜಾಗಿತ್ತು.

ಮೇಜಿನ ಮುಂದೆ ಮಾತ್ರ ಅವಳ ಬಾಯಿ ಬಂದಾಯಿತು. ಕೂತಲ್ಲಿಂದಲೇ ಆಡನ್ನು ದಿಟ್ಟಿಸಿದಳು.

"ಇದನ್ನ ಬಿಚ್ಚೋ ಕೀ ಯಾರ ಹತ್ರ ಇದೆ?"

"ಮೂರು ಜನರ ಹತ್ರ. ನಾನು, ನಿರ್ದೇಶಕರು, ಶಿಲ್ಪ ದುರಸ್ತಿಯವರು."

"ಹಾಗಾದ್ರೆ ಅನುಮಾನದ ಸಾಲಲ್ಲಿ ನೀನೂ ಇದ್ದೀಯ."

ಸ್ವಂತ ದೊಡ್ಡಮ್ಮ! ನನಗೆ ಮೈಯೆಲ್ಲ ಉರಿಯಿತು. ಟೀಚರಮ್ಮ ಹೇಳಿದ್ದು ನಿಜವೇ ಆಗಿದ್ದರೆ, ನನ್ನ ಅನುಮಾನ ದುರಸ್ತಿಯವರ ಮೇಲಿತ್ತು. ಜನ ಮುಟ್ಟಿ ಮುಟ್ಟಿ ಆ ಆಡನ್ನು ತಿಂದು ಹಾಕುತ್ತಿದ್ದಾರೆ ಎಂದು ಪ್ರತಿ ಸಭೆಯಲ್ಲೂ ಗೊಣಗುವ ಆಸಾಮಿ ಆತ. ಅವರನ್ನೇ ಕರೆಸಿದೆವು.

"ಕೊನೇ ಸಲ ಇದನ್ನ ಎತ್ತಿದ್ದು ಯಾವಾಗ?" ದೊಡ್ಡಮ್ಮ ಕೇಳಿದಳು.

"ಸೋಮವಾರ ಸಂಜೆ. ಪ್ರತಿ ಸೋಮವಾರ ಬಿಚ್ಚಿ, ಬೋರಲು ಮಾಡಿ, ತೊಳೆದು ಇಡ್ತೀನಿ."

"ಬರೋ ಸೋಮವಾರಾನೂ?"

"ಇಲ್ಲ. ಇನ್ಮೇಲೆ ಎತ್ತಬೇಡಿ, ಹೊರಗಿನವರಿಗೆ ವಹಿಸ್ತೀವಿ ಅಂತ ಮಂಗಳವಾರ ಆದೇಶ ಬಂತು."

"ಮಂಗಳವಾರ ನೀವು ಕೆಲಸಕ್ಕೆ ಬಂದಿದ್ರಾ?"

"ಇಲ್ಲ, ರಜೆ. ಆದೇಶ ಮನೆಗೆ ಕಳಿಸಿದ್ರು."

"ಟೀಚರಮ್ಮ ತಕರಾರು ತೆಗೆದಾಗ ನಿಮ್ಮನ್ನ ಯಾಕೆ ಕರೀಲಿಲ್ಲ?"

ತಕರಾರೇ? ಅವರಿಗೆ ಆ ವಿಷಯವೇ ಗೊತ್ತಿರಲಿಲ್ಲ. ದೊಡ್ಡಮ್ಮ ತಲೆಯಾಡಿಸಿ, ಟೀಚರಮ್ಮನನ್ನೂ ನಿರ್ದೇಶಕರನ್ನೂ ಕರೆಸು ಎಂದಳು.

ಮಧ್ಯಾಹ್ನ ಮೂರಕ್ಕೆ ಎಲ್ಲರೂ ಸೇರಿದೆವು. ನಿರ್ದೇಶಕರು ಕೈಗಡಿಯಾರ ನೋಡುತ್ತಿದ್ದರು. ಟೀಚರಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದರು.

"ಸರ್, ಇಲ್ಲಿ ನನ್ನ ಪಕ್ಕ ಸ್ವಲ್ಪ ಬಗ್ಗಿ," ಎಂದಳು ದೊಡ್ಡಮ್ಮ. "ನಿಂತಿರೋರಿಗೆ ಕಾಣೋದು ಬೆನ್ನು. ಗಾಲಿಕುರ್ಚೀಲಿ ಕೂತಿರೋ ನನಗೆ ಕಾಣೋದು ಹೊಟ್ಟೆ. ಬೆನ್ನು ಫಳಫಳ ಅಂತಿದೆ. ಹೊಟ್ಟೆ ಯಾಕೆ ಸರ್ ಕಪ್ಪಗಿದೆ?"

ಅವರು ಬಗ್ಗಲಿಲ್ಲ. ನಾನು ಬಗ್ಗಿದೆ. ಹೊಟ್ಟೆಯಡಿ ಕಪ್ಪು ಬಣ್ಣ, ನಡುವೆ ಅಚ್ಚು ಕೂಡಿದಲ್ಲಿ ಉಳಿದ ಎರಕದ ಗೆರೆ, ಕೆರೆದಂಥ ಮೈ. ದುರಸ್ತಿಯವರು ಆಡನ್ನು ಬಿಚ್ಚಿ ಬೋರಲು ಮಾಡಿದರು. ಸೋಮವಾರ ಇದು ಕನ್ನಡಿ ಥರ ಇತ್ತು ಎಂದರು.

"ಕಣ್ಣಿಲ್ಲದೋರು ಬೆನ್ನು ಸವರಿ ಹೋಗಲ್ಲ," ದೊಡ್ಡಮ್ಮ ಹೇಳಿದಳು. "ಕಾಲು ಹಿಡಿದು, ಹೊಟ್ಟೆ ಕೆಳಗೆ ಕೈ ಹಾಕಿ, ಪೂರ್ತಿ ಆಡು ನೋಡ್ತಾರೆ. ಆರು ವರ್ಷ ಆ ಕೈಗಳು ಹೊಟ್ಟೆನೂ ಸವೆಸಿವೆ. ನಕಲು ಮಾಡಿಸಿದೋನು ನಿಂತು ನೋಡಿದಷ್ಟಕ್ಕೆ ಮಾತ್ರ ಪಾಲಿಶ್ ಹಾಕಿಸಿದ. ವಾರವಾರ ಬೋರಲು ಮಾಡಿ ತೊಳೆಯೋರು ಈ ತಪ್ಪು ಮಾಡಲ್ಲ. ನಮ್ಮ ಹುಡುಗಿನೂ ಮಾಡಲ್ಲ, ಆ ಕೈಗಳನ್ನ ಹೊಟ್ಟೆ ಕೆಳಗೆ ಒಯ್ಯೋಳೇ ಅವಳು. ಇನ್ನುಳಿದಿದ್ದು ಒಂದೇ ಕೀ. ಎತ್ತಿದ್ರೆ ಗೊತ್ತಾಗುತ್ತೆ ಅಂತ ಎತ್ತೋದನ್ನೇ ನಿಲ್ಲಿಸಿದೋರ ಕೀ. ಆದೇಶಕ್ಕೆ ಸಹಿ ಯಾರದ್ದು ಸರ್?"

ನಿರ್ದೇಶಕರು ಟೈ ಸಡಿಲಿಸಿದರು. ಕಳುವು ಗಿಳುವು ಏನಿಲ್ಲ, ಹೊಸ ಕಟ್ಟಡಕ್ಕೆ ದೇಣಿಗೆ ಕೊಡುವ ದೊಡ್ಡವರು ಮನೆಯ ಹಾಲ್‌ನಲ್ಲಿಡಲು ಆಸೆಪಟ್ಟರು, ಬೇಡ ಎನ್ನಲಾಗಲಿಲ್ಲ ಎಂದರು. ಆಮೇಲೆ, ಇದೇನು ಮಹಾ ಎನ್ನುವ ಹಾಗೆ:

"ಮುಟ್ಟೋದಕ್ಕೆ ನಕಲಾದ್ರೇನು, ಅಸಲಾದ್ರೇನು? ಅವರಿಗೆ ಹೇಗೂ ಕಾಣಿಸಲ್ಲ."

ದೊಡ್ಡಮ್ಮ ಠಾಣೆಗೆ ಫೋನ್ ಮಾಡಿದಳು. ನಾನು ಟೀಚರಮ್ಮನ ಬಳಿ ಹೋದೆ. ಸೆರಗಿನಿಂದ ಒಂದು ಕೈ ಹೊರಬಂದು ನನ್ನ ತೋಳು ಹುಡುಕಿ ಹಿಡಿಯಿತು.

"ನೀನೂ ನಂಬಿರ್ಲಿಲ್ಲ, ಅಲ್ವೇನೇ?"

ಸುಳ್ಳು ಹೇಳಬಹುದಿತ್ತು.

"ಇಲ್ಲ ಟೀಚರಮ್ಮ. ನಂಬಿರ್ಲಿಲ್ಲ."

ಅವರು ಕೈ ಬಿಡಲಿಲ್ಲ.

"ನಾನೂ ನಂಬಿರ್ಲಿಲ್ಲ ಕಣೇ," ಎಂದರು. "ಎರಡು ದಿನ, ನನ್ನ ಬೆರಳನ್ನ ನಾನೇ ನಂಬಲಿಲ್ಲ." ಹಾಗೆಂದು, ಎಲ್ಲರೆದುರಿಗೇ, ಅತ್ತುಬಿಟ್ಟರು.