ಒಂದೇ ತಂತಿ

ತಂತಿ ಎಳೆದು ಬಿಡುವ ಯಂತ್ರದ ಕೌಂಟರ್ ಒಂದು ಲಕ್ಷ ತೋರಿಸಿತು. ಲ್ಯಾಬಿನವರೆಲ್ಲ ಚಪ್ಪಾಳೆ ತಟ್ಟಿ ಹೋದರು. ಫಿಟ್ಟರ್ ಮಹಾಶಯ ಮಾತ್ರ ಉಳಿದು, ಜೇಬಿನಿಂದ ಒಂದು ತುಂಡು ತಂತಿ ತೆಗೆದು ನನ್ನ ಮೇಜಿನ ಮೇಲಿಟ್ಟ.

“ಮೂರು ದಿನದ ಹಿಂದೆ ಎಪ್ಪತ್ತು ಸಾವಿರಕ್ಕೇ ತುಂಡಾಯ್ತು. ನೀವು ಊಟಕ್ಕೆ ಹೋಗಿದ್ರಿ. ಬೇರೆ ಹಾಕ್ದೆ.”

ನನಗೆ ಸಿಟ್ಟು ನೆತ್ತಿಗೇರಿತು. ಗ್ಯಾಸೂ ಕಂಪ್ರೆಸರೂ ಇಲ್ಲದ ಫ್ರಿಜ್ ನಮ್ಮದು. ಈ ತಂತಿ ಎಳೆದರೆ ಬಿಸಿಯಾಗುತ್ತದೆ, ಬಿಟ್ಟರೆ ತಣ್ಣಗಾಗುತ್ತದೆ. ಆ ತಂಪೇ ನಮ್ಮ ಬಂಡವಾಳ. ಒಂದೇ ತಂತಿ ಲಕ್ಷ ಸಲ ತಾಳಿತು ಎಂದು ಸಂಜೆಯೊಳಗೆ ನಾನು ಸಹಿ ಹಾಕಬೇಕಿತ್ತು.

“ಸುಳ್ಳಿಗೆ ಸಹಿ ಹಾಕಿಸ್ತಿದ್ರಲ್ಲ.”

“ಅದಕ್ಕೇ ಈಗ ಬಂದೆ.”

“ಮೂರು ದಿನ ನಾಲಿಗೆ ಎಲ್ಲಿ ಹೋಗಿತ್ತು?”

“ಹೋದ್ಸಲ ತುಂಡಾದಾಗ ಸ್ಟೋರ್ ರೂಮಲ್ಲಿ ಅಳ್ತಿದ್ರಿ. ಮತ್ತೆ ನೋಡೋಕಾಗಲ್ಲ ಅನ್ನಿಸ್ತು.”

ಮೈಯೆಲ್ಲ ಉರಿಯಿತು. “ನಂಗೆ ಯಾರ ಕನಿಕರವೂ ಬೇಡ,” ಎಂದೆ. ಇವನದಂತೂ ಬೇಡವೇ ಬೇಡ. ಆರು ತಿಂಗಳಿಂದ ಇವನ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟು ಕೂತವಳು ನಾನು. ಮೊದಲ ದಿನ ರಬ್ಬರ್ ಬ್ಯಾಂಡ್ ಎಳೆದು ಇವನ ತುಟಿಗೆ ಮುಟ್ಟಿಸಿ, “ಬಿಸಿ ಗೊತ್ತಾಯ್ತಾ?” ಎಂದು ಪಾಠ ಹೇಳಿದ್ದೆ. ಇವನು ಕಿವಿಯವರೆಗೂ ಕೆಂಪಾಗಿದ್ದ.

ತಂತಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದೆ. “ಇದು ಸವೆದು ತುಂಡಾಗಿಲ್ಲ. ತಂತಿ ಹಿಡಿಯೋ ಕ್ಲಾಂಪಿನ ಅಂಚು ಕೊಯ್ದಿದೆ. ಕ್ಲಾಂಪ್ ಯಾರು ಮಾಡಿದ್ದು?”

“ನಾನೇ.” ಅವನ ಮುಖ ಸಪ್ಪಗಾಯಿತು.

“ಅವತ್ತೇ ಹೇಳಿದ್ರೆ ಅವತ್ತೇ ಗೊತ್ತಾಗ್ತಿತ್ತು.”

ಮುಖ್ಯಸ್ಥರಿಗೆ ಫೋನ್ ಮಾಡಿ ಪರೀಕ್ಷೆ ಕೆಟ್ಟಿತು ಎಂದೆ. ಅವರ ಕೂಗಾಟ ಶುರುವಾಗುತ್ತಲೇ ಅವನು ಫೋನ್ ಕಿತ್ತುಕೊಂಡ. “ತಪ್ಪು ನಂದು ಸರ್. ಮೇಡಮ್‌ಗೆ ಈಗಷ್ಟೇ ಗೊತ್ತಾಯ್ತು.” ಬೈಗುಳವನ್ನೆಲ್ಲ ನಿಂತೇ ಕೇಳಿದ. ಹನ್ನೆರಡು ದಿನದ ಗಡುವು ಸಿಕ್ಕಿತು, ಕೊನೆಯ ಅವಕಾಶ ಎಂಬ ಎಚ್ಚರಿಕೆಯೊಂದಿಗೆ.

ಅವನು ಕ್ಲಾಂಪಿನ ಅಂಚನ್ನು ಉಜ್ಜಿ ನಯ ಮಾಡಿದ. ನಾನು ಹೊಸ ತಂತಿ ಹಾಕಿ ಕೌಂಟರನ್ನು ಸೊನ್ನೆಗೆ ತಂದೆ.

“ಸಿಟ್ಟು ಇಳೀತಾ?”

“ಇಲ್ಲ.”

“ಅದು ಕನಿಕರ ಅಲ್ಲ. ನಿಮ್ಮನ್ನ ಕಂಡ್ರೆ ಇಷ್ಟ ನಂಗೆ. ಈ ಸಲ ಅತ್ರೆ ಏನ್ಮಾಡ್ಲಿ?”

“ಪಕ್ಕದಲ್ಲಿ ಕೂತ್ಕೊಳ್ಳಿ. ತಂತಿ ಮಾತ್ರ ಬದಲಾಯಿಸ್ಬೇಡಿ.”

ಸ್ಟೂಲ್ ಎಳೆದುಕೊಂಡು ಕೂತ. ಪರ್ಸಿನಿಂದ ಮಾಸಿದ ರಬ್ಬರ್ ಬ್ಯಾಂಡೊಂದನ್ನು ತೆಗೆದ. “ಇದನ್ನೂ ಬದಲಾಯಿಸಿಲ್ಲ. ಮೊದಲ ದಿನದ್ದೇ.”

ಎಳೆದು ನನ್ನ ತುಟಿಗೆ ಮುಟ್ಟಿಸಿದ. ಬಿಸಿಯಾಗಿತ್ತು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೂ ಮುಖ ಹಿಂದೆ ಸರಿಸಲಿಲ್ಲ.